ಬಲಗಡೆಯ ಕಿಟಕಿ

ನಮ್ಮ ಅಜ್ಜ ಗುಳೆ ಹೋಗುತ್ತಿದ್ದದ್ದು ಗಂಗಾವತಿಗೆ. ಕುಷ್ಟಗಿ ತಾಲೂಕಿನ ನಮ್ಮೂರಿನಿಂದ ಅದು ಬಹಳ ದೂರವೇನಲ್ಲ. ಆದರೆ ಮಳೆ ನಂಬಿ ಸಜ್ಜೆ ಬಿತ್ತುವ ಮಸಾರಿ ನೆಲದವನಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ದಾಟಿದರೆ ಬೇರೆಯದೇ ದೇಶ. 1953ರಲ್ಲಿ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಆಂಧ್ರದ ರೈತರು ಅಲ್ಲಿಗೆ ಬಂದು ಕ್ಯಾಂಪು ಕಟ್ಟಿಕೊಂಡರು, ಭತ್ತ ಬೆಳೆದರು. ನಾಟಿಗೂ ಕೊಯ್ಲಿಗೂ ಆಳು ಬೇಕಾದಾಗ ನಮ್ಮಂಥ ಒಣಭೂಮಿಯ ಊರುಗಳ ಜನ ಬುತ್ತಿ ಕಟ್ಟಿಕೊಂಡು ಹೊರಟರು. ಅಪ್ಪ ಅಲ್ಲೇ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ನೆಲೆ ನಿಂತ. ನಾನು ಹೋದದ್ದು ಕೊಲ್ಲಿ ದೇಶಕ್ಕೆ, ವಿಮಾನ ಹಾರಿಸಲು. ನಮ್ಮ ಮನೆಯಲ್ಲಿ ಮೂರಕ್ಕೂ ಒಂದೇ ಹೆಸರು: ಗುಳೆ.

ಮೇಸ್ತ್ರಿ ಆಳು ಕೂಡಿಸಲು ಬಂದಾಗ ಅಜ್ಜ ಕೂಲಿ ಎಷ್ಟೆಂದು ಮೊದಲು ಕೇಳುತ್ತಿರಲಿಲ್ಲವಂತೆ. "ಯುಗಾದಿಗೆ ಬಿಡ್ತಿಯೇನು? ಮನ್ಯಾಗ ಯಾರಿಗರ ಹೆಚ್ಚು ಕಮ್ಮಿ ಆದ್ರ ಬಿಡ್ತಿಯೇನು?" ಇದು ಅವನ ಮೊದಲ ಮಾತು. ಅದಾದ ಮೇಲೆ ಕೂಲಿಯ ಮಾತು. ಅಪ್ಪ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದ. ನಾನು ಹಳೆಯ ಕಾಲದ ಕಥೆ ಅಂತ ಕೇಳಿಸಿಕೊಂಡಿದ್ದೆ.

ನಾನು ಶಾಲೆಗೆ ಹೋಗುವಾಗ ನಮ್ಮದಿನ್ನೂ ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ವಿಮಾನವೆಂದರೆ ನಮಗೆ ಮುಗಿಲಲ್ಲಿ ಎಳೆದ ಬಿಳಿ ಗೆರೆ, ಅದಕ್ಕೆ ನಾವು ಇಟ್ಟ ಹೆಸರು 'ರಾಕೆಟ್'. ಹೊಲದಲ್ಲಿ ಕಳೆ ತೆಗೆಯುವವರು ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈ ಹಿಡಿದು ಅದು ಕರಗುವವರೆಗೂ ನೋಡುತ್ತಿದ್ದರು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇದ್ದರೆ ಪೈಲಟ್ ಆಗಬಹುದು ಎಂದು ನನಗೆ ಹೇಳಿದ್ದು ಗಂಗಾವತಿಯ ನಮ್ಮ ಕಾಲೇಜಿನ ಮೇಷ್ಟ್ರು. ವಿಳಾಸ ಕೇಳಿಕೊಂಡು ಬೆಂಗಳೂರಿನ ಜಕ್ಕೂರಿಗೆ ಹೋಗಿ, ಅಲ್ಲಿನ ಸರ್ಕಾರಿ ತರಬೇತಿ ಶಾಲೆಯ ಬೇಲಿಯಾಚೆ ನಿಂತು, ಮೊದಲ ಸಲ ಸಣ್ಣ ವಿಮಾನವೊಂದು ನೆಲ ಬಿಡುವುದನ್ನು ಹತ್ತಿರದಿಂದ ನೋಡಿದೆ. ಅದರ ಸದ್ದು ಲೂನಾದ ಸದ್ದಿಗಿಂತ ಬಹಳ ಬೇರೆಯಿರಲಿಲ್ಲ. ಆ ದಿನವೇ ನನಗೆ ಧೈರ್ಯ ಬಂತು.

ಅಪ್ಪ ನಾಲ್ಕು ಎಕರೆ ಮಾರಿದ. ಗಿರಣಿ ಮಾಲೀಕರು ಸಾಲ ಕೊಟ್ಟರು. ದುಡ್ಡು ಹೊಂದಿದಾಗ ಹಾರಾಟ, ಇಲ್ಲದಾಗ ಓದು, ಹೀಗೆ ಮೂರು ವರ್ಷಕ್ಕೆ ಲೈಸೆನ್ಸು ಕೈಗೆ ಬಂತು. ಕಾಲವೂ ಕೂಡಿಬಂತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ಹಾರಿಸಿದ್ದರು. ಎರಡು ಪಂಕದ, ಐವತ್ತು ಜನ ಕೂರದ ಆ ವಿಮಾನ ನಮ್ಮ ಭಾಗದ ಜನರ ತಲೆಯಲ್ಲಿ ಒಂದು ಬಾಗಿಲು ತೆರೆಯಿತು. ಹುಬ್ಬಳ್ಳಿಯಿಂದ ವಿಮಾನ ಹತ್ತಿದವರು ಊರಲ್ಲಿ ಒಬ್ಬರು, ಇಬ್ಬರು ಸಿಗತೊಡಗಿದರು. ಅದರ ಹಿಂದೆಯೇ ಇನ್ನಷ್ಟು ಸಂಸ್ಥೆಗಳು ಹುಟ್ಟಿದವು. ಅಂಥದ್ದೊಂದರಲ್ಲಿ ನಾನು ಎಟಿಆರ್‌ನ ಕೋ-ಪೈಲಟ್ ಆದೆ.

ಕೋ-ಪೈಲಟ್ ಕೂರುವುದು ಬಲಗಡೆ. ಹೈದರಾಬಾದಿನಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ ಕಂಡಿತೆಂದರೆ ನಾನು ಬಲಗಡೆಯ ಕಿಟಕಿಗೆ ಕಣ್ಣು ಹಚ್ಚುತ್ತಿದ್ದೆ. ಮುಗಿಲು ತಿಳಿಯಾಗಿದ್ದರೆ ಮೊದಲು ಅಣೆಕಟ್ಟಿನ ಹಿನ್ನೀರು ಹೊಳೆಯುತ್ತದೆ. ಅದರಿಂದ ಈಚೆಗೆ ಗಂಗಾವತಿಯ ಗದ್ದೆಗಳ ಹಸಿರು. ಆ ಹಸಿರು ಚಾಕುವಿನಿಂದ ಕೊಯ್ದ ಹಾಗೆ ಒಂದು ಗೆರೆಗೆ ನಿಲ್ಲುತ್ತದೆ, ಅದೇ ಕಾಲುವೆ. ಗೆರೆಯ ಆಚೆ ಕೆಂಪು, ಬೂದು, ಮತ್ತೆ ಕೆಂಪು. ಅದು ಯಲಬುರ್ಗಾ, ಕುಷ್ಟಗಿ ಕಡೆ. ಅಜ್ಜ ದಾಟುತ್ತಿದ್ದ ಗಡಿ ಅಷ್ಟು ಸ್ಪಷ್ಟವಾಗಿ ನೆಲದ ಮೇಲೆ ಬರೆದಿದೆ ಎಂದು ಗೊತ್ತಾಗಲು ನಾನು ಹದಿನೇಳು ಸಾವಿರ ಅಡಿ ಮೇಲೆ ಹೋಗಬೇಕಾಯಿತು. 2010ರಲ್ಲಿ ಕಮಾಂಡ್ ಸಿಕ್ಕಿತು. ಕ್ಯಾಪ್ಟನ್ ಕೂರುವುದು ಎಡಗಡೆ. ಆಮೇಲೆ ನಮ್ಮೂರ ದಿಕ್ಕು ನನಗೆ ಕಾಣುತ್ತಿದ್ದದ್ದು ಮಂಗಳೂರಿನಿಂದ ಮರಳುವಾಗ ಮಾತ್ರ.

ಆ ವರ್ಷ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಜನ ಹೋದರು. ನಾನು ಎಷ್ಟೋ ಸಲ ಇಳಿದಿದ್ದ ರನ್‌ವೇ ಅದು. ಆ ವಿಮಾನದ ಕ್ಯಾಪ್ಟನ್ ಸರ್ಬಿಯಾ ಮೂಲದವರು. ಆಗ ನಮ್ಮಲ್ಲಿ ವಿಮಾನ ಹೆಚ್ಚಿ, ಅನುಭವಿ ಕ್ಯಾಪ್ಟನ್‌ಗಳು ಸಾಲದೆ, ಹೊರದೇಶದವರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ಮನೆ ಬಿಟ್ಟು ಬಂದ ಆ ಹಿರಿಯರ ಜೊತೆ ನಾನೂ ಹಾರಿದ್ದೆ. ನಮ್ಮವರು ಅತ್ತ, ಅವರು ಇತ್ತ. ಗಂಗಾವತಿಯ ಗಿರಣಿಗಳಲ್ಲೂ ಹಾಗೆಯೇ ಆಯಿತು: ನಮ್ಮ ತಾಲೂಕಿನ ಜನ ಗೋವಾ, ಮಂಗಳೂರು, ಬೆಂಗಳೂರು ಅಂತ ಹೊರಟರು, ಹಮಾಲಿಗೆ ಬಿಹಾರದ ಹುಡುಗರು ಬಂದರು.

2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ನಿಂತಿತು. ದೊಡ್ಡದೇ ನಿಂತಾಗ ಸಣ್ಣವುಗಳ ಪಾಡು ಕೇಳುವಂತಿರಲಿಲ್ಲ. ನಾನಿದ್ದಲ್ಲಿ ಪಗಾರ ಒಂದು ತಿಂಗಳು ತಡ, ಎರಡು ತಿಂಗಳು ತಡ ಆಗುತ್ತಾ ಹೋಯಿತು. ಗಿರಣಿ ಸಾಲ ಇನ್ನೂ ತೀರಿರಲಿಲ್ಲ. ಕೊಲ್ಲಿ ದೇಶದ ದೊಡ್ಡ ಸಂಸ್ಥೆಯೊಂದರ ಪರೀಕ್ಷೆ ಕಟ್ಟಿದೆ, ಪಾಸಾದೆ. ತೆರಿಗೆಯಿಲ್ಲದ ಪಗಾರ, ಇರಲು ಮನೆ, ಮಕ್ಕಳ ಶಾಲೆಯ ಫೀ, ಮುನ್ನೂರಕ್ಕೂ ಹೆಚ್ಚು ಜನ ಕೂರುವ ಬೋಯಿಂಗ್ 777. ಕಳೆದುಕೊಂಡದ್ದು ಎಡ ಕುರ್ಚಿ: ಅಲ್ಲಿ ಮತ್ತೆ ಕೋ-ಪೈಲಟ್. ಅಪ್ಪನ ಮುಂದೆ ಕಾಗದ ಓದಿ ಅರ್ಥ ಹೇಳಿದೆ. ಅವನು ಕೇಳಿದ್ದು ಒಂದೇ: "ಹಬ್ಬಕ್ಕ ಬಿಡ್ತಾರೇನಪಾ?" ನಾನು, "ಟಿಕೇಟ ಅವರ ಕೊಡ್ತಾರ, ಬೇಕಾದಾಗ ಬರಬಹುದು" ಅಂದೆ. ಕಾಗದದಲ್ಲಿ ಹಾಗೆ ಇತ್ತೋ ಇಲ್ಲವೋ ನಾನು ಓದಿಯೇ ಇರಲಿಲ್ಲ.

ಆರೇಳು ವರ್ಷ ನನ್ನ ಮಾತು ಸುಳ್ಳಾಗಲಿಲ್ಲ. ದುಬೈನಿಂದ ಬೆಂಗಳೂರಿಗೆ ನಾಲ್ಕು ತಾಸು. ಅಲ್ಲಿಂದ ಚಿತ್ರದುರ್ಗ, ಹೊಸಪೇಟೆ ದಾಟಿ ಕುಷ್ಟಗಿಗೆ ನೆಲದ ಮೇಲೆ ಎಂಟು ತಾಸು. 2016ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದಾಗ ಮರುದಿನ ಮಧ್ಯಾಹ್ನ ನಾನು ಆಸ್ಪತ್ರೆಯಲ್ಲಿದ್ದೆ. ದೇಶದಲ್ಲೇ ಹಾರಿಸುತ್ತ ಕೋಲ್ಕತ್ತದಲ್ಲಿ ನೆಲೆಯಾಗಿದ್ದ ಯಲಬುರ್ಗಾ ಕಡೆಯ ಗೆಳೆಯನೊಬ್ಬ ಅದೇ ವರ್ಷ ಅವನ ಅಪ್ಪನ ಕಾಯಿಲೆಗೆ ಬಂದು ಮುಟ್ಟಿದ್ದು ನನಗಿಂತ ಅರ್ಧ ದಿನ ತಡವಾಗಿ. ಅದನ್ನೇ ಹಿಡಿದುಕೊಂಡು ನಾನು ಎಲ್ಲರಿಗೂ ಹೇಳುತ್ತಿದ್ದೆ: ಕೊಪ್ಪಳದವನಿಗೆ ದೇಶವೂ ಒಂದೇ, ಪರದೇಶವೂ ಒಂದೇ. ನಮ್ಮೂರಿಗೆ ಬರುವ ವಿಮಾನ ಯಾವುದೂ ಇಲ್ಲ, ಹಾಗಿದ್ದಮೇಲೆ ಹೆಚ್ಚು ಪಗಾರ ಇರುವಲ್ಲಿ ಇರುವುದೇ ಸರಿ. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ದಾರಿ ಯಾವಾಗಲೂ ತೆರೆದಿರುತ್ತದೆ ಎಂದು ನಂಬಿದ್ದೇ ತಪ್ಪು.

2020ರ ಮಾರ್ಚ್ 22ರಿಂದ ಭಾರತಕ್ಕೆ ಬರುವ ಪ್ರಯಾಣಿಕರ ವಿಮಾನಗಳು ನಿಂತವು. ನಮ್ಮನ್ನು ಸರಕು ಸಾಗಣೆಗೆ ಹಾಕಿದರು. ಸೀಟುಗಳ ಮೇಲೆ ಔಷಧದ ಪೆಟ್ಟಿಗೆ ಕಟ್ಟಿ ಹಾರುತ್ತಿದ್ದೆವು. ಏಪ್ರಿಲ್‌ನಲ್ಲಿ ಅವ್ವ ತೀರಿಕೊಂಡಳು, ಸಕ್ಕರೆ ಕಾಯಿಲೆ ಬಹಳ ದಿನದಿಂದ ಇತ್ತು. ತಮ್ಮ ಫೋನಿನಲ್ಲಿ ಮಣ್ಣು ತೋರಿಸಿದ. ಲಾಕ್‌ಡೌನ್, ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ.

ಅದಾಗಿ ಒಂಬತ್ತನೇ ದಿನ ನನ್ನ ಹೆಸರಿಗೆ ಹೈದರಾಬಾದ್ ಹಾರಾಟ ಬಂತು. ಶಂಷಾಬಾದಿನಲ್ಲಿ ಬೆಳಗಿನ ಜಾವ ಇಳಿದೆವು. ಸಿಬ್ಬಂದಿ ವಿಮಾನ ಬಿಟ್ಟು ಇಳಿಯುವಂತಿಲ್ಲ, ಸರಕು ತುಂಬಿದೊಡನೆ ಹೊರಡಬೇಕು. ಬಾಗಿಲು ತೆರೆದಿತ್ತು. ಏಣಿಯ ತುದಿಯಲ್ಲಿ ನಿಂತೆ. ಮಳೆ ಬಿದ್ದಿರಬೇಕು, ನೆಲದಿಂದ ನಮ್ಮ ಕಡೆಯ ಬೇಸಿಗೆಯ ಮೊದಲ ಮಳೆಯ ವಾಸನೆ ಎದ್ದಿತ್ತು. ನಮ್ಮ ಮನೆ ಅಲ್ಲಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್. ಎರಡು ತಾಸು ಕಳೆದು ಮತ್ತೆ ಸಮುದ್ರದ ಮೇಲೆ ಇದ್ದೆ. ಆ ಎರಡು ತಾಸಿನ ಬಗ್ಗೆ ಅಪ್ಪನಿಗೆ ನಾನು ಇವತ್ತಿಗೂ ಹೇಳಿಲ್ಲ.

2022ರಲ್ಲಿ ತಿರುಗಿ ಬಂದೆ. ಪಗಾರ ಕಡಿಮೆಯಾಯಿತು. ಈ ಕಸುಬಿನಲ್ಲಿ ವಯಸ್ಸಿಗೆ, ಅನುಭವಕ್ಕೆ ಸಿಗುವ ಮರ್ಯಾದೆ ಬೇರೆ, ಹಿರಿತನದ ಪಟ್ಟಿ ಬೇರೆ. ಸಂಸ್ಥೆ ಬದಲಿಸಿದವನು ಪಟ್ಟಿಯ ತುದಿಗೆ ಹೋಗಿ ನಿಲ್ಲಬೇಕು. ಒಳ್ಳೆಯ ರೋಸ್ಟರು, ಬೇಕಾದ ಊರಿನ ನೆಲೆ, ಹಬ್ಬದ ರಜೆ, ಎಲ್ಲ ಆ ಪಟ್ಟಿಯ ಮೇಲೆಯೇ. ಮೂರನೆಯ ಸಲ ಬಲ ಕುರ್ಚಿಯಲ್ಲಿ ಕೂತೆ, ಈ ಬಾರಿ ಏರ್‌ಬಸ್ ಎ320. ಎರಡು ವರ್ಷದ ಮೇಲೆ ಮತ್ತೆ ಎಡಕ್ಕೆ.

ನಾನು ಬಿಟ್ಟು ಹೋದ ದೇಶ ಅಷ್ಟರಲ್ಲಿ ಬೇರೆಯಾಗಿತ್ತು. ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತ್ತು, ಗೋ ಫಸ್ಟ್ 2023ರ ಮೇನಲ್ಲಿ ನಿಂತಿತು. ಆದರೆ ಅದೇ ವರ್ಷ ಏರ್ ಇಂಡಿಯಾ 470, ಇಂಡಿಗೊ 500 ಹೊಸ ವಿಮಾನ ಕೇಳಿದವು. ಕಲಬುರಗಿಗೆ 2019ರ ನವೆಂಬರಿನಲ್ಲೇ ವಿಮಾನ ಬಂದಿತ್ತು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲಿ 2017ರಿಂದ ಉಡಾನ್ ಯೋಜನೆಯ ವಿಮಾನ ಕಂಡವು. ಕೊಪ್ಪಳದ ಹತ್ತಿರ ಬಸಾಪುರದಲ್ಲಿ ಬಲ್ಡೋಟ ಕಂಪನಿಯ ಖಾಸಗಿ ರನ್‌ವೇ ಬಹಳ ವರ್ಷದಿಂದ ಇದೆ. ಆದರೆ ನಮ್ಮ ಜನ ಟಿಕೇಟು ತೆಗೆದು ಅಲ್ಲಿಂದ ಹತ್ತುವ ದಿನ ಬಂದಿಲ್ಲ. ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಸೇರುವ, ಅಂಜನಾದ್ರಿಗೆ ಉತ್ತರ ಭಾರತದಿಂದ ಭಕ್ತರು ಬರುವ ಜಿಲ್ಲೆಗೆ ಒಂದು ವಿಮಾನ ಬೇಕೆಂಬುದು ನನ್ನ ಮನಸ್ಸಿನ ಆಸೆ. ಹುಬ್ಬಳ್ಳಿಯಿಂದ ಕುಷ್ಟಗಿಗೆ ಮೊದಲ ರೈಲು ಬಂದದ್ದೇ 2025ರ ಮೇ ತಿಂಗಳಲ್ಲಿ. ಗದಗ–ವಾಡಿ ಮಾರ್ಗದ ಆ ರೈಲು ನೋಡಲು ಅಪ್ಪನನ್ನು ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋಗಿದ್ದೆ. ಎಂಜಿನ್ನಿಗೆ ಹಾರ ಹಾಕುವುದನ್ನು ನೋಡಿ ಅವನು ಕೈ ಮುಗಿದ.

ಈಗ ಗಂಗಾವತಿ, ಕಾರಟಗಿ, ಕುಕನೂರುಗಳಿಂದ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ನನ್ನ ಕಾಲದಲ್ಲಿ ಪೈಲಟ್ ಆಗುವುದು ಹೇಗೆಂದೇ ಗೊತ್ತಿರಲಿಲ್ಲ, ಇವರಿಗೆ ಎಲ್ಲ ಗೊತ್ತು. ಇನ್ನೂರು ತಾಸಿನ ಹಾರಾಟ, ಟೈಪ್ ರೇಟಿಂಗಿನ ಖರ್ಚು, ಯಾವ ಸಂಸ್ಥೆ ಎಷ್ಟು ಕೊಡುತ್ತದೆ ಎಂಬ ಪಟ್ಟಿ ಬೆರಳ ತುದಿಯಲ್ಲಿದೆ. ಕೇಳುವುದು ಒಂದೇ: "ಹೊರಗ ಹೋಗೂದು ಚಲೋನೋ, ಇಲ್ಲೇ ಇರೂದು ಚಲೋನೋ ಸರ?"

ನಾನು ಹೇಳುವುದು ಹೀಗೆ. ಮೊದಲು ಇಲ್ಲಿ ಕಮಾಂಡ್ ಗಳಿಸು, ವಿಮಾನ ಹೆಚ್ಚುತ್ತಿರುವ ದೇಶದಲ್ಲಿ ಎಡ ಕುರ್ಚಿ ಬೇಗ ಸಿಗುತ್ತದೆ. ಹೊರಗೆ ವೀಸಾ ನೌಕರಿಗೆ ಕಟ್ಟಿದ್ದು, ನೌಕರಿ ಹೋದರೆ ಮನೆಯೂ ಶಾಲೆಯೂ ಜೊತೆಗೇ ಹೋಗುತ್ತವೆ. ಕೋವಿಡ್ ವರ್ಷದಲ್ಲಿ ನೂರಾರು ಜನಕ್ಕೆ ಹಾಗಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಇಲ್ಲಿ ಬಿಡಬೇಕೆಂದರೆ 2017ರ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ಮೊದಲೇ ತಿಳಿಸಬೇಕು, ಸಿಟ್ಟಿನಲ್ಲಿ ರಾಜೀನಾಮೆ ಕೊಟ್ಟು ನಾಳೆ ಹಾರುವಂತಿಲ್ಲ. ಇಲ್ಲಿಯೂ ದಣಿವು ಕಡಿಮೆಯಲ್ಲ. ವಾರದ ವಿಶ್ರಾಂತಿ 36 ತಾಸಿನಿಂದ 48 ತಾಸಿಗೆ ಏರಿ, ರಾತ್ರಿ ಇಳಿಯುವಿಕೆಗೆ ಮಿತಿ ಬಂದಾಗ, 2025ರ ಡಿಸೆಂಬರಿನಲ್ಲಿ ಇಂಡಿಗೊದ ಸಾವಿರಾರು ಹಾರಾಟ ರದ್ದಾದದ್ದನ್ನು ದೇಶವೇ ನೋಡಿತು. ಪೈಲಟ್‌ಗಳ ನಿದ್ದೆಯ ಮೇಲೆ ಎಷ್ಟು ಬಿಗಿಯಾಗಿ ಲೆಕ್ಕ ಕಟ್ಟಿರುತ್ತಾರೆಂಬುದು ಆವತ್ತು ಊರವರಿಗೂ ತಿಳಿಯಿತು. ಸಾಲ ದೊಡ್ಡದಿದ್ದು, ಮನೆಯಲ್ಲಿ ನೋಡಿಕೊಳ್ಳಲು ತಮ್ಮನೋ ತಂಗಿಯೋ ಇದ್ದರೆ ಹೊರಗೆ ಹೋಗು, ನನ್ನ ಗಿರಣಿ ಸಾಲ ತೀರಿದ್ದು ಆ ದುಡ್ಡಿನಿಂದಲೇ. ಕೊಲ್ಲಿಯ ಆ ಸಂಸ್ಥೆ ನನಗೆ ಅನ್ನ ಕೊಟ್ಟಿದೆ, ಕಸುಬಿನ ಶಿಸ್ತು ಕಲಿಸಿದೆ. ಅದನ್ನು ಮರೆಯಲಾರೆ.

ಹೋದ ತಿಂಗಳು ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅಪ್ಪ ಸಾರಿಗೆ ಬಸ್ಸಿನ ಡ್ರೈವರ್, ಅವ್ವನಿಗೆ ಡಯಾಲಿಸಿಸ್ ನಡೆದಿದೆಯಂತೆ. ಇಲ್ಲಿ ಕೋ-ಪೈಲಟ್ ಆಗಿ ಮೂರು ವರ್ಷ, ಹೊರಗಿನ ಎರಡು ಸಂಸ್ಥೆಗಳಿಂದ ಕರೆ ಬಂದಿದೆ. ಎರಡರ ಪಗಾರವನ್ನೂ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕರಾರು ಪತ್ರ ಎದುರಿಗೆ ಇಟ್ಟುಕೊಂಡೇ ಕೂತಿದ್ದಳು ಅನ್ನಿಸುತ್ತದೆ, ಹಾಳೆ ತಿರುವುವ ಸದ್ದು ಕೇಳುತ್ತಿತ್ತು.

"ಕಾಕಾ, ಮನ್ಯಾಗ ಹೆಚ್ಚು ಕಮ್ಮಿ ಆದ್ರ ಎಷ್ಟು ತಾಸಿನ್ಯಾಗ ಬಿಡ್ತಾರಂತ ಇದರಾಗ ಎಲ್ಲಿ ಬರದಿರ್ತಾರ್ರಿ?"

ನಾನು ಕನ್ನಡಕ ಹಾಕಿಕೊಂಡೆ. "ತಡಿಯವಾ, ಮೊದಲ್ನೇ ಹಾಳಿಂದ ಓದು" ಅಂದೆ.