ಹಳೆಯ ವ್ಯಾನಿಗೆ ಹೊಸ ಕಾಲು

ಮೈಸೂರಿನಿಂದ ಹೋಗಿ ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ನೆಲೆಸಿದ ಆ ಎಂಜಿನಿಯರ್ ಮಹಾಶಯರಿಗೆ ಬೇರೆ ಚಟಗಳಿರಲಿಲ್ಲ. ಇದ್ದದ್ದು ಹಳೆಯ ವ್ಯಾನಿನದು ಒಂದೇ. 1987ರ ಫೋಕ್ಸ್‌ವ್ಯಾಗನ್. ಹ್ಯಾನೋವರ್ ಕಾರ್ಖಾನೆಯಲ್ಲಿ ಹುಟ್ಟಿ, ವೆಸ್ಟ್‌ಫಾಲಿಯಾ ಕಂಪನಿಯವರ ಕೈಯಲ್ಲಿ ಒಲೆ, ಸಿಂಕು, ಮಡಚುವ ಹಾಸಿಗೆ, ಮೇಲೇಳುವ ಚಾವಣಿ ಪಡೆದು ಪುಟ್ಟ ಮನೆಯಾದ ಗಾಡಿ ಅದು. ಎಂಜಿನ್ ಹಿಂಭಾಗದಲ್ಲಿ. ಎಪ್ಪತ್ತು ಅಶ್ವಶಕ್ತಿಯ ಡೀಸೆಲ್. ಏರು ಬಂದರೆ ಲಾರಿಗಳ ಸಾಲಿನಲ್ಲೇ ಏದುಸಿರು ಬಿಡುತ್ತ ಹತ್ತುತ್ತಿತ್ತು.

2022ರ ಬೇಸಿಗೆಯಲ್ಲಿ ಮೈಸೂರಿನಿಂದ ಅವರ ತಾಯಿ ಮೂರು ತಿಂಗಳಿಗೆಂದು ಬಂದರು. ಬ್ರೆನ್ನರ್ ಕಣಿವೆಮಾರ್ಗ ದಾಟಿ ಆಲ್ಪ್ಸ್ ಪರ್ವತದಾಚೆಗೆ, ಇಟಲಿಯ ಗಾರ್ಡಾ ಸರೋವರಕ್ಕೆ ಅವರನ್ನು ಕರೆದೊಯ್ಯುವುದೆಂದು ತೀರ್ಮಾನವಾಯಿತು. ಟೈರು ನೋಡಿದರೆ ಸವೆದೇ ಇರಲಿಲ್ಲ. ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳು. ಟೈರಿನ ಮೇಲೆ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ 1809 ಎಂದಿತ್ತು. ಅಂದರೆ 2009ರ ಹದಿನೆಂಟನೆಯ ವಾರದಲ್ಲಿ ತಯಾರಾದದ್ದು. ಕ್ಯಾಂಪರ್ ವ್ಯಾನುಗಳ ಹಣೆಬರಹವೇ ಹೀಗೆ: ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು. ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

ಹೇಗೂ ಬದಲಾಯಿಸಬೇಕು, ದೊಡ್ಡ ಚಕ್ರವನ್ನೇ ಹಾಕಿಸಿಬಿಡೋಣ ಎಂದು ಮಹಾಶಯರ ಮನಸ್ಸು ಹೊಯ್ದಾಡಿತು. ಮೂಲದ್ದು 14 ಇಂಚಿನ ರಿಮ್ಮು. ಅದೇ ಮಾದರಿಯ ವ್ಯಾನುಗಳು 16 ಇಂಚಿನ ಹೊಳೆಯುವ ಅಲಾಯ್ ಚಕ್ರದ ಮೇಲೆ ರಾಜಗಾಂಭೀರ್ಯದಿಂದ ನಿಂತಿದ್ದನ್ನು ಅವರು ಕಂಡಿದ್ದರು. ಗಾಡಿ ನೆಲದಿಂದ ತುಸು ಮೇಲೆದ್ದರೆ ಕಚ್ಚಾ ರಸ್ತೆಗೂ ಒಳ್ಳೆಯದು. ಹತ್ತಿರದ ಊರಿನಲ್ಲಿ ಒಬ್ಬರ ಬಳಿ ಮರ್ಸಿಡಿಸ್ ಕಾರಿನಿಂದ ಬಿಚ್ಚಿದ ನಾಲ್ಕು ಚಕ್ರಗಳು ಟೈರಿನ ಸಮೇತ ಇದ್ದವು. ಐದು ಬೋಲ್ಟಿನ ರಂಧ್ರಗಳು 112 ಮಿಲಿಮೀಟರ್ ವೃತ್ತದಲ್ಲಿ, ವ್ಯಾನಿನದೂ ಅದೇ. ಮಹಾಶಯರು ಮುಂಗಡ ಕೊಟ್ಟು ಚಕ್ರಗಳನ್ನು ಮನೆಗೇ ತಂದರು.

ಹತ್ತನೆಯ ತರಗತಿಯ ಮಗಳು ಟೈರಿನ ಮೇಲಿದ್ದ ಬರಹ ಓದಿದಳು: 205/55 ಆರ್ 16, 91.

"ಅಪ್ಪ, ಇದು ದೊಡ್ಡದು ಅಂತ ಯಾರು ಹೇಳಿದ್ದು?"

"ಹದಿನಾಲ್ಕಕ್ಕಿಂತ ಹದಿನಾರು ದೊಡ್ಡದಲ್ವೇನಮ್ಮಾ?"

ಅವಳು ಕಾಗದದ ಮೇಲೆ ಲೆಕ್ಕ ಹಾಕಿದಳು. 205 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 55 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 55ರಷ್ಟು, ಅಂದರೆ ಸುಮಾರು 113. ಮೇಲೊಂದು ಕೆಳಗೊಂದು ಸೇರಿ 226. ರಿಮ್ಮಿನ 16 ಇಂಚು ಎಂದರೆ 406. ಒಟ್ಟು ವ್ಯಾಸ 632 ಮಿಲಿಮೀಟರ್. ಹಳೆಯ ಟೈರಿನ ಮೇಲೆ 185 ಆರ್ 14 ಎಂದಷ್ಟೇ ಇತ್ತು, ಶೇಕಡದ ಅಂಕಿ ಇರಲಿಲ್ಲ. ಸರಿ, ವ್ಯಾನಿನ ಮೂತಿಯ ಕೆಳಗಿನ ತಟ್ಟೆಯಿಂದ ಸ್ಪೇರ್ ಚಕ್ರ ಇಳಿಸಿ, ಅಜ್ಜಿಯ ಹೊಲಿಗೆಯ ಟೇಪನ್ನೇ ಸುತ್ತ ಹಿಡಿದಳು. ಸುತ್ತಳತೆ 204 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ ವ್ಯಾಸ 650 ಮಿಲಿಮೀಟರ್! ಅಂದರೆ ಹದಿನಾರು ಇಂಚಿನ "ದೊಡ್ಡ" ಚಕ್ರ ಹಾಕಿದರೆ ಗಾಡಿ ಏಳುವ ಬದಲು ಒಂಬತ್ತು ಮಿಲಿಮೀಟರ್ ಕೆಳಗಿಳಿಯುತ್ತಿತ್ತು. ರಿಮ್ಮು ಹಿಗ್ಗಿತ್ತು, ರಬ್ಬರು ಕುಗ್ಗಿತ್ತು.

ಇದು ನಗುವ ವಿಷಯ. ಮುಂದಿನದು ಹಾಗಲ್ಲ. ಕೊನೆಯ 91 ಎಂಬುದು ಟೈರಿನ ಭಾರದ ಸಂಖ್ಯೆ. ಪಟ್ಟಿಯಲ್ಲಿ ನೋಡಿದರೆ 91ಕ್ಕೆ ಒಂದು ಟೈರು ಹೊರಬಹುದಾದದ್ದು 615 ಕಿಲೋ. ಹಳೆಯ ಟೈರಿನ ಮೇಲಿದ್ದದ್ದು 102, ಅಂದರೆ 850 ಕಿಲೋ. ಮಹಾಶಯರಿಗೆ ಆಗಲೂ ನಂಬಿಕೆ ಹೋಗಿರಲಿಲ್ಲ. ಮರ್ಸಿಡಿಸ್ಸೇ ಓಡಿದ ಚಕ್ರ, ನಮ್ಮ ವ್ಯಾನು ಯಾವ ಲೆಕ್ಕ ಎಂದರು. ಮಗಳು ಬಿಡಲಿಲ್ಲ. ಕೊನೆಗೆ ನೀರಿನ ಟ್ಯಾಂಕು ತುಂಬಿಸಿ, ಗ್ಯಾಸು, ಪಾತ್ರೆ, ಹಾಸಿಗೆ ಹೇರಿ, ಅಜ್ಜಿಯನ್ನೂ ತಮ್ಮನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಜರಿ ಮಂಡಿಯ ತೂಕದ ಕಟ್ಟೆಗೆ ಹೋದರು. ಮುಂದಿನ ಚಕ್ರಗಳನ್ನು ಹೊರಗೆ ಬಿಟ್ಟು ಹಿಂದಿನವನ್ನು ಮಾತ್ರ ಕಟ್ಟೆಯ ಮೇಲೆ ನಿಲ್ಲಿಸಿದಾಗ ಮುಳ್ಳು 1,270ರಲ್ಲಿ ನಿಂತಿತು. ಎರಡು ಟೈರು ಸೇರಿ ಹೊರಬಹುದಾದದ್ದು 1,230.

ನಲವತ್ತು ಕಿಲೋ ಏನು ಮಹಾ ಎನ್ನಬಹುದು. ಮಿತಿ ಮೀರಿದ ಭಾರಕ್ಕೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಬಿಸಿ ಏರಿದಂತೆ ಒಳಗಿನ ಪದರಗಳು ಸಡಿಲವಾಗುತ್ತವೆ. ಒಡೆಯುವುದು ಅಂಗಳದಲ್ಲಲ್ಲ, ಹೆದ್ದಾರಿಯಲ್ಲಿ. ಅದೂ ಹಿಂದಿನ ಚಕ್ರ, ಅದರ ನೇರ ಮೇಲೆ ಅಜ್ಜಿಯ ಸೀಟು. ತೂಕದ ಚೀಟಿಯನ್ನು ಮಹಾಶಯರು ಎರಡು ಸಲ ಓದಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ.

ಆಮೇಲೆ ಅವರೂ ಲೆಕ್ಕಕ್ಕೆ ಕೂತರು. 215/65 ಆರ್ 16 ಹಾಕಿದರೆ ವ್ಯಾಸ 686. ಇದು ನಿಜಕ್ಕೂ ದೊಡ್ಡದು, ಭಾರ ಹೊರುವಂಥದ್ದೂ ಸಿಗುತ್ತದೆ. ಆದರೆ ಚಕ್ರ ಶೇಕಡ ಐದೂವರೆ ದೊಡ್ಡದಾದರೆ ಎಲ್ಲ ಗೇರುಗಳೂ ಅಷ್ಟೇ ಭಾರವಾಗುತ್ತವೆ. ಮೊದಲೇ ಏದುಸಿರಿನ ಎಂಜಿನ್, ಎದುರಿಗೆ ಬ್ರೆನ್ನರ್ ಏರು. ವೇಗದ ಮಾಪಕ ನೂರು ತೋರಿಸುವಾಗ ಗಾಡಿ ನೂರೈದು ದಾಟಿರಬಹುದು. ಮಾಪಕ ನಿಜಕ್ಕಿಂತ ಕಡಿಮೆ ತೋರಿಸಕೂಡದೆಂಬುದು ಯೂರೋಪಿನ ನಿಯಮ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಭಯ ಬೇರೆ.

ಕೊನೆಗೆ ಗೆದ್ದದ್ದು ನಡುವಿನದು: 195/70 ಆರ್ 15. ಸರಕಿನ ವ್ಯಾನುಗಳಿಗೆಂದೇ ಮಾಡುವ, ಅಳತೆಯ ಕೊನೆಗೆ ಸಿ ಅಕ್ಷರವಿರುವ ಟೈರು. ವ್ಯಾಸ 654, ಹಳೆಯದಕ್ಕಿಂತ ನಾಲ್ಕೇ ಮಿಲಿಮೀಟರ್ ಹೆಚ್ಚು. ಭಾರದ ಸಂಖ್ಯೆ 104/102. ಮೊದಲ ಅಂಕಿ ಒಂಟಿ ಚಕ್ರಕ್ಕೆ, 900 ಕಿಲೋ. ಎರಡನೆಯದು ನಮ್ಮ ಲಾರಿಗಳ ಹಿಂಬದಿಯಂತೆ ಜೋಡಿಯಾಗಿ ಹಾಕಿದಾಗ. ರಿಮ್ಮಿಗೂ ಭಾರದ ಮಿತಿಯುಂಟು ಎಂಬುದು ಈಗ ಅಪ್ಪನಿಗೇ ನೆನಪಿತ್ತು. ಕಾಗದ ನೋಡಿಯೇ ಕೊಂಡರು. ತಪಾಸಣೆಯ ಎಂಜಿನಿಯರು ಸ್ಟೀರಿಂಗ್ ಅತ್ತಿತ್ತ ತಿರುಗಿಸಿ, ಬಗ್ಗಿ ನೋಡಿ, ಒಪ್ಪಿದ ಮೇಲೆ ಹೊಸ ಅಳತೆ ಗಾಡಿಯ ದಾಖಲೆ ಸೇರಿತು. ಮುಂಗಡದಲ್ಲಿ ಅರ್ಧ ವಾಪಸಾಯಿತು, ಇನ್ನರ್ಧದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೊಸ ಚಕ್ರಗಳಲ್ಲಿ ಹೊಳಪೇನೂ ಇರಲಿಲ್ಲ.

ಹೊರಡುವ ಹಿಂದಿನ ರಾತ್ರಿ ಅಜ್ಜಿ ಪುಳಿಯೋಗರೆ ಕಲಸಿಟ್ಟಿದ್ದರು. ಮಗಳು ಟಾರ್ಚು ಹಿಡಿದು ವ್ಯಾನಿನ ಮೂತಿಯ ಕೆಳಗೆ ಇಣುಕಿದಳು. ಸ್ಪೇರ್ ಚಕ್ರ ಮತ್ತೆ ತನ್ನ ತಟ್ಟೆಯಲ್ಲಿ ಕೂತಿತ್ತು. ಅದರ ಮೇಲೂ 1809.

ಪುಳಿಯೋಗರೆಯನ್ನು ಮರುದಿನ ಮನೆಯಲ್ಲೇ ತಿಂದರು. ಹೊರಟದ್ದು ಅದರ ಮಾರನೆಯ ದಿನ.