ಮಳೆ ಬಂತನಾ ಅಪ್ಪಿ?

ಅಜ್ಜನ ಫೋನು ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತಿತ್ತು. ಊಟ ಆಯ್ತಾ ಅಂತಲ್ಲ, ಆರಾಮಾ ಅಂತಲೂ ಅಲ್ಲ.

"ಮಳೆ ಬಂತನಾ ಅಪ್ಪಿ?"

ನಾನು ಕೂರುವುದು ಬೆಂಗಳೂರಿನ ಒಂದು ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ. ಕಟ್ಟಡವೆಲ್ಲ ಗಾಜೇ ಆದರೂ ಮಾನಿಟರ್ ಮೇಲೆ ಬೆಳಕು ಬೀಳುತ್ತೆ ಅಂತ ದಿನವಿಡೀ ಪರದೆ ಎಳೆದಿರುತ್ತೇವೆ. ಹೊರಗೆ ಮಳೆಯೋ ಬಿಸಿಲೋ ನಮಗೆ ತಿಳಿಯುವುದು ಸಂಜೆ ಕ್ಯಾಬಿಗೆ ಕಾಯುವಾಗ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ನಿಜ ಹೇಳಿಬಿಟ್ಟೆ.

"ಗೊತ್ತಿಲ್ಲೆ ಅಜ್ಜ, ಒಳಗಿದ್ದಿದ್ದಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಳೆ ಬಂದಿದ್ದೂ ಗೊತ್ತಾಗ್ತಿಲ್ಲೆ ಅಂದ್ರೆ ಅದೆಂಥಾ ಆಫೀಸನಾ?" ಅಂದರು. ಬೈದದ್ದಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅರ್ಥವಾಗುವುದಾದರೂ ಹೇಗೆ? ಅಜ್ಜ ಮನೆಯೊಳಗೆ ಇರುತ್ತಿದ್ದದ್ದು ಊಟಕ್ಕೆ, ನಿದ್ದೆಗೆ ಮತ್ತು ದೇವರ ಪೂಜೆಗೆ ಅಷ್ಟೆ. ನಮ್ಮೂರು ಸಾಗರದಿಂದ ಇಪ್ಪತ್ತು ಕಿಲೋಮೀಟರು ಒಳಗೆ. ಮನೆ, ಮನೆ ಕೆಳಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಬೆಳಿಗ್ಗೆ ಕಾಫಿ ಕುಡಿದು ತಲೆಗೆ ಹಾಳೆಟೊಪ್ಪಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಟರೆ ಅಜ್ಜ ಎಲ್ಲಿದ್ದಾರೆ ಅಂತ ಅಮ್ಮಮ್ಮನಿಗೂ ಗೊತ್ತಿರುತ್ತಿರಲಿಲ್ಲ. ಮಧ್ಯಾಹ್ನ ಅಂಗಳದ ತುದಿಗೆ ನಿಂತು ಅವಳು "ಕೂ" ಹಾಕಬೇಕು. ತೋಟದಿಂದಲೋ ಬೆಟ್ಟದಿಂದಲೋ ತಿರುಗಿ ಒಂದು "ಕೂ" ಬಂದರೆ ಅನ್ನ ಬಡಿಸಲು ಶುರು. ನಮ್ಮನೆಯ ಮೊದಲ ಮೊಬೈಲ್ ನೆಟ್‌ವರ್ಕ್ ಅದು, ಒಂದು ದಿನವೂ ಡ್ರಾಪ್ ಆಗಿದ್ದಿಲ್ಲ :-)

ತೋಟದ ಕೆಲಸದಲ್ಲಿ ಅಜ್ಜ ಯಾರನ್ನೂ ಪೂರ್ತಿ ನಂಬುತ್ತಿರಲಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅವರೇ ಕಲೆಸಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎಲ್ಲರೂ ಮಾಡುವ ಲೆಕ್ಕವೇ. ಆದರೆ ಕಲೆಸಿದ ಮೇಲೆ ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡುತ್ತಿದ್ದರು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಸುಣ್ಣ ಕಡಿಮೆಯಾದರೆ ಮದ್ದು ಎಳೆ ಅಡಿಕೆಯನ್ನೇ ಸುಡುತ್ತದೆ. ಮಳೆಗಾಲ ಹತ್ತುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ. ಮದ್ದು ಹೊಡೆದ ಮೇಲೆ ಎರಡು ಗಂಟೆಯಾದರೂ ಮಳೆ ಬರಬಾರದು. ಆ ಎರಡು ಗಂಟೆ ಅಜ್ಜ ಜಗಲಿಯಲ್ಲಿ ಕೂತು ಪಶ್ಚಿಮದ ಮೋಡವನ್ನೇ ನೋಡುತ್ತಿದ್ದರು. ಆ ವರ್ಷ ಅತ್ತೆಯ ಮದುವೆಯೋ, ಅಪ್ಪನ ಕಾಲೇಜು ಫೀಸೋ, ಮುಂದೆ ನನ್ನ ಇಂಜಿನಿಯರಿಂಗ್ ಸೀಟೋ, ಎಲ್ಲ ಆ ಮೋಡದ ಮೇಲೇ ನಿಂತಿರುತ್ತಿತ್ತು. "ಮಳೆ ಬಂತಾ" ಅನ್ನೋದು ಅವರಿಗೆ ಕುಶಲ ಪ್ರಶ್ನೆ ಯಾಕಾಗಿತ್ತು ಅಂತ ನಂಗೆ ಹೊಳೆದದ್ದು ಬಹಳ ತಡವಾಗಿ.

ತೋಟ ಅಜ್ಜನಿಗೆ ದುಡಿಮೆ. ಅವರ ಖುಷಿ ಇದ್ದದ್ದು ಜೇನಿನಲ್ಲಿ.

ಚಳಿಗಾಲದ ಬೆಳಿಗ್ಗೆ ಬೆಟ್ಟದ ಒರತೆ ಹತ್ತಿರ ಹೋಗಿ ಸುಮ್ಮನೆ ಕೂರುತ್ತಿದ್ದರು. ತುಡುವೆ ಹುಳಗಳು ನೀರು ಕುಡಿಯಲು ಬರುತ್ತವೆ. ಕುಡಿದು ಹಾರುವಾಗ ಯಾವ ದಿಕ್ಕಿಗೆ ಹೋಗುತ್ತವೆ ಅಂತ ನೋಡಿ, ಅದೇ ದಿಕ್ಕಿಗೆ ಅಷ್ಟು ದೂರ ನಡೆಯುವುದು, ಮತ್ತೆ ನಿಂತು ನೋಡುವುದು. ಕಡೆಗೆ ಒಂದು ಮರದ ಪೊಟರೆಯೋ ಹುತ್ತವೋ ಸಿಗುತ್ತಿತ್ತು. ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಎರಿಗಳನ್ನು ಒಂದೊಂದಾಗಿ ಬಿಡಿಸಿ, ಪೆಟ್ಟಿಗೆಯ ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟುವುದು. ರಾಣಿ ಸಿಕ್ಕಿತೋ ಇಲ್ಲವೋ ಅನ್ನೋದೇ ಮುಖ್ಯ, ಅದು ಒಳಗೆ ಬಂದರೆ ಉಳಿದವೆಲ್ಲ ತಾವಾಗೇ ಬರುತ್ತವೆ. ಕತ್ತಲಾದ ಮೇಲೆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮನೆಗೆ. ನಾನು ಮುಂದೆ ಟಾರ್ಚ್ ಹಿಡಿದು ನಡೆಯುತ್ತಿದ್ದೆ. ಅಜ್ಜನ ಕಿವಿಯ ಪಕ್ಕದಲ್ಲೇ ಸಾವಿರಾರು ಹುಳಗಳ ಗುಂಯ್ ಶಬ್ದ. "ಹೆದರ್ಕಳಡ, ಅವು ಬೈತಾ ಇದ್ದ ಅಷ್ಟೆ" ಅನ್ನುತ್ತಿದ್ದರು.

ಒಂದು ಕಾಲದಲ್ಲಿ ಅಜ್ಜನ ಹತ್ತಿರ ಹದಿನೆಂಟು ಪೆಟ್ಟಿಗೆ ಇತ್ತಂತೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿಗೆಲ್ಲ ಬಡಿಯಿತು. ಮರಿಹುಳಗಳು ಬೆಳೆಯುವ ಮುಂಚೆಯೇ ಸತ್ತು ನೀರು ತುಂಬಿದ ಚೀಲದ ಹಾಗೆ ಆಗುವ ರೋಗ ಅದು. ಮದ್ದಿಲ್ಲ. ಹದಿನೆಂಟೂ ಪೆಟ್ಟಿಗೆ ಖಾಲಿಯಾಯಿತು. ಊರಲ್ಲಿ ಬಹಳ ಜನ ಪೆಟ್ಟಿಗೆಗಳನ್ನು ಬಚ್ಚಲ ಒಲೆಗೆ ಹಾಕಿದರಂತೆ. ಅಜ್ಜ ಕುದಿಯುವ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮೆತ್ತಿನ ಮೇಲೆ ಜೋಡಿಸಿಟ್ಟರು. ಅಮ್ಮಮ್ಮ ಹೇಳುತ್ತಿದ್ದಳು, ಆ ವರ್ಷವಿಡೀ ಅವರು ಸರಿಯಾಗಿ ಮಾತೇ ಆಡಲಿಲ್ಲ ಅಂತ. ಮೂರು ನಾಲ್ಕು ವರ್ಷ ಕಳೆದ ಮೇಲೆ ಕಾಡಲ್ಲಿ ಬದುಕಿ ಉಳಿದಿದ್ದ ಒಂದು ಕುಟುಂಬ ಸಿಕ್ಕಿತು. ಮೆತ್ತಿನಿಂದ ಒಂದು ಪೆಟ್ಟಿಗೆ ಇಳಿಸಿದರು. ನಾನು ಹುಟ್ಟುವ ಹೊತ್ತಿಗೆ ಅದು ನಾಲ್ಕಾಗಿತ್ತು.

ಜೇನು ತೆಗೆದ ದಿನ ಮನೆಯಲ್ಲಿ ಹಬ್ಬ. ಹಳೇ ಬಾಟಲಿಗಳನ್ನೆಲ್ಲ ತೊಳೆದು ಒಣಗಿಸಿ ಸಾಲಾಗಿಟ್ಟು, ಬಟ್ಟೆಯಲ್ಲಿ ಸೋಸಿ ತುಂಬುವುದು. ಒಂದೊಂದಕ್ಕೂ ಅನ್ನದ ಅಂಟಿನಲ್ಲಿ ಚೀಟಿ ಅಂಟಿಸಿ ಹೆಸರು. ದೊಡ್ಡತ್ತೆ, ಸಣ್ಣತ್ತೆ, ಚಿಕ್ಕಪ್ಪ, ಕೊನೆ ಕೊಯ್ಯಲು ಬರುವವರು, ಬಸ್ಸಿನ ಕಂಡಕ್ಟರು (ಆ ಬಾಟಲಿಗಳು ಅತ್ತೆಯಂದಿರ ಊರು ಮುಟ್ಟುತ್ತಿದ್ದದ್ದು ಅವರ ಕೈಯಿಂದಲೇ). ಹತ್ತು ಜನ ಮೊಮ್ಮಕ್ಕಳಿಗೂ ಬೇರೆ ಬೇರೆ ಬಾಟಲಿ, ಜಗಳ ಆಗಬಾರದು ಅಂತ. ಅಜ್ಜ ಯಾರನ್ನೂ ಮುದ್ದು ಮಾಡಿದ್ದು ನಾನು ನೋಡಿಲ್ಲ. ಆದರೆ ಒಂದು ಬಾಟಲಿಯಲ್ಲಿ ಬೆರಳು ದಪ್ಪ ಕಡಿಮೆಯಾದರೂ ಎಲ್ಲ ಬಾಟಲಿಗಳಿಂದ ಚೂರು ಚೂರು ತೆಗೆದು ಸಮ ಮಾಡುತ್ತಿದ್ದರು.

ಇಷ್ಟೆಲ್ಲ ಕೊಡುವವರು ಪೆಟ್ಟಿಗೆಯ ಜೇನನ್ನು ಪೂರ್ತಿ ಮಾತ್ರ ತೆಗೆಯುತ್ತಿರಲಿಲ್ಲ. "ಇನ್ನೂ ಇದ್ದಲ ಅಜ್ಜ" ಅಂತ ನಾನು ತೋರಿಸಿದರೆ, "ಅದ್ಕೂ ಮಳೆಗಾಲ ಇದ್ದಲಾ" ಅಂತ ಮುಚ್ಚಳ ಹಾಕಿಬಿಡುತ್ತಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಹುಳ ಹೊರಗೆ ಹೋಗಲಿಕ್ಕಾಗುವುದಿಲ್ಲ, ಹೋದರೂ ಹೂವಿಲ್ಲ. ಬಿಟ್ಟದ್ದೂ ಸಾಲದೆ ಹೋದರೆ ಸಕ್ಕರೆ ಪಾಕ ಮಾಡಿ ಇಡಬೇಕು. ಕಂಬಳಿಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲಿ ಪಾಕದ ಲೋಟ ಹಿಡಿದು ಹೋಗುವ ಅಜ್ಜ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರತಿ ಸಲ ಪೆಟ್ಟಿಗೆ ತೆರೆದಾಗಲೂ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲಾಗ್ ಫೈಲ್.

ಬೆಂಗಳೂರಿಗೆ ಬಂದ ಮೇಲೂ ನನ್ನ ಹೆಸರಿನ ಬಾಟಲಿ ತಪ್ಪದೇ ಬರುತ್ತಿತ್ತು. ಒಂದು ವರ್ಷ ಅದನ್ನು ಮೂಲೆಯಲ್ಲಿಟ್ಟು ಮರೆತಿದ್ದೆ. ಗಟ್ಟಿಯಾಗಿ ತಳದಲ್ಲಿ ಸಕ್ಕರೆ ಕಟ್ಟಿತ್ತು. "ನಿಮ್ಮಜ್ಜ ಸಕ್ಕರೆ ಬೆರೆಸಿದಾರೆ ಕಣೋ" ಅಂತ ರೂಮ್‌ಮೇಟ್ ನಕ್ಕ. ನಾನೂ ನಕ್ಕೆ. ಅಷ್ಟಕ್ಕೇ ಬಿಡದೆ ಫೋನಿನಲ್ಲಿ ಅಜ್ಜನಿಗೂ ಹೇಳಿದೆ. "ಒಳ್ಳೆ ಜೇನೂ ಗಟ್ಟಿ ಆಗ್ತು. ಸ್ವಲ್ಪ ಹೊತ್ತು ಬಿಸ್ಲಿಗೆ ಇಡು, ಸರಿ ಆಗ್ತು" ಅಂದರು. ಬಾಟಲಿ ಹಿಡಿದುಕೊಂಡು ಪೀಜಿಯಲ್ಲಿ ಬಿಸಿಲು ಹುಡುಕಿದೆ. ನಮ್ಮ ರೂಮಿನ ಕಿಟಕಿಯಿಂದ ಮೂರಡಿ ದೂರಕ್ಕೆ ಪಕ್ಕದ ಕಟ್ಟಡದ ಗೋಡೆ. ಟೆರೇಸಿಗೆ ಬೀಗ. ಎರಡು ವರ್ಷ ಅಲ್ಲಿದ್ದರೂ ಆ ರೂಮಿಗೆ ಬಿಸಿಲು ಬರೋದೇ ಇಲ್ಲ ಅಂತ ನಾನು ಗಮನಿಸಿದ್ದು ಅವತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಊರಿಗೆ ಹೋದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬೆಟ್ಟದ ನೆತ್ತಿಯ ಮತ್ತಿ ಮರದ ಬುಡದಲ್ಲಿ ಮಾತ್ರ ಎರಡು ಕಡ್ಡಿ ಸಿಗುತ್ತಿತ್ತು. ಅಜ್ಜನಿಗೆ ಆಗ ಎಂಬತ್ತು. ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಲ್ಲಿ ನಾಲ್ಕು ಗೂಟ ಹುಗಿದು, ಅಡಿಕೆ ಸೋಗೆ ಹೊದೆಸಿ, ದಬ್ಬೆಯಲ್ಲಿ ಒಂದು ಮೇಜನ್ನೂ ಕಟ್ಟಿದ್ದರು. ಹಂದಿ ಬರಬಹುದು ಅಂತ ಪಕ್ಕದಲ್ಲೇ ಕಾವಲಿಗೆ ಕೂರುತ್ತಿದ್ದರು. ನಾನು ಮೀಟಿಂಗಿನಲ್ಲಿದ್ದರೆ ಕವಳ ಉಗಿಯಲಿಕ್ಕೂ ದೂರ ಎದ್ದು ಹೋಗುತ್ತಿದ್ದರು.

"ನಿನ್ನ ಕೆಲಸ ಅಂದ್ರೆ ಎಂತದು?" ಅಂತ ಒಂದು ದಿನ ಕೇಳಿದರು.

ಪ್ರೋಗ್ರಾಮಿನಲ್ಲಿ ತಪ್ಪು ಹುಡುಕೋದು, ಅದಕ್ಕೆ ಬಗ್ ಅಂತಾರೆ, ಬಗ್ ಅಂದರೆ ಹುಳ ಅಂತೆಲ್ಲ ವಿವರಿಸಿದೆ.

"ಹಂಗಾರೆ ನಿಂದೂ ಹುಳ ಹಿಡಿಯ ಕೆಲ್ಸವೇ ಆತು" ಅಂತ ಜೋರಾಗಿ ನಕ್ಕರು. ಇಂಜಿನಿಯರಿಂಗ್ ಸೇರಿದ ಮೇಲೆ ಅಜ್ಜನೂ ನಾನೂ ಅಷ್ಟು ದಿನ ಒಟ್ಟಿಗೆ ಇದ್ದದ್ದು ಅದೇ ಮೊದಲು. ಕೊನೆಯೂ ಹೌದು.

ಆಫೀಸು ಮತ್ತೆ ತೆರೆಯಿತು, ನಾನು ವಾಪಸ್ಸು ಬಂದೆ. 2024ರ ಜುಲೈ ಕೊನೆಯಲ್ಲಿ ಫೋನ್ ಬಂದಾಗ ನಮ್ಮದೊಂದು ರಿಲೀಸ್ ಇತ್ತು. "ಮಳೆ ಬಂತನಾ ಅಪ್ಪಿ?" ಬೇಗ ಮುಗಿಸೋಣ ಅಂತ "ಹೂಂ ಬಂತು, ಜೋರು ಬಂತು" ಅಂದುಬಿಟ್ಟೆ.

"ಬೆಂಗ್ಳೂರಿಗೆ ಮಳೆ ಬರದೇ ವಾರ ಆತಡ, ರೇಡಿಯೋದಲ್ಲಿ ಹೇಳ್ದ" ಅಂದರು. ನಗುತ್ತಲೇ ಅಂದರು. "ಕೆಲ್ಸ ಇದ್ದಿಕ್ಕು ನಿಂಗೆ, ಮಾಡು" ಅಂತ ಅವರೇ ಫೋನಿಟ್ಟರು.

ಆಗಸ್ಟ್ ಎರಡನೇ ವಾರ ಜ್ವರ ಬಂತು, ಮೂರೇ ದಿನ. ಎಂಬತ್ತನಾಲ್ಕು ವರ್ಷದ ತುಂಬು ಬದುಕು ಅಂತ ಬಂದವರೆಲ್ಲ ಹೇಳಿದರು. ನಿಜವೇ ಇರಬಹುದು. ನಂಗೆ ಮಾತ್ರ ಆ ಸುಳ್ಳು ಮಳೆ ಇನ್ನೂ ಗಂಟಲಲ್ಲಿದೆ.

ಹದಿಮೂರನೇ ದಿನ ನೆಂಟರೆಲ್ಲ ಹೋದ ಮೇಲೆ ಪೆಟ್ಟಿಗೆಗಳ ನೆನಪಾಯಿತು. ಗಡಿಬಿಡಿಯಲ್ಲಿ ಯಾರೂ ಆ ಕಡೆ ಹೋಗಿರಲಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಹೋದೆ. ಐದರಲ್ಲಿ ಎರಡು ಖಾಲಿ, ಹುಳಗಳು ಬಿಟ್ಟು ಹೋಗಿದ್ದವು. ಮೂರನೆಯದರ ಮುಚ್ಚಳ ಎತ್ತಿದೆ. ಒಳಗೆ ಬಿಳಿ ಅಕ್ಷರದಲ್ಲಿ ಸಾಲು ಸಾಲು ತಾರೀಖು. ಕೊನೆಯದು ಜ್ವರ ಬಂದ ದಿನದ್ದೇ. ಹುಳಗಳು ಎರಿಯ ಮೇಲೆ ಗುಂಪಾಗಿ ಕೂತಿದ್ದವು, ಪಾಕದ ಲೋಟ ಒಣಗಿತ್ತು. ಅಡುಗೆಮನೆಗೆ ಓಡಿಬಂದು ಪಾಕ ಮಾಡಿಸಿಕೊಂಡು ಹೋಗಿ ಮೂರಕ್ಕೂ ಇಟ್ಟೆ. ಎರಡು ಕಡೆ ಕಚ್ಚಿಸಿಕೊಂಡೆ. ಆ ತಾರೀಖಿನ ಕೆಳಗೆ ನನ್ನ ತಾರೀಖು ಬರೆದೆ. ಅಕ್ಷರ ಸೊಟ್ಟ ಬಂತು, ಮಳೆಯಲ್ಲಿ ಸೀಮೆಸುಣ್ಣ ಹಿಡಿಯೋದಿಲ್ಲ ನೋಡಿ.

ಆ ಮೂರೂ ಪೆಟ್ಟಿಗೆ ಉಳಿದುಕೊಂಡವು. ಹುಳ ಅಂದರೆ ಮಾರು ದೂರ ಓಡುತ್ತಿದ್ದ ಅಪ್ಪ ಈಗ ವಾರಕ್ಕೊಮ್ಮೆ ಮುಚ್ಚಳ ತೆಗೆದು, ಅಕ್ಷರ ಕಾಣೋ ಹಾಗೆ ಫೋಟೋ ಕಳಿಸುತ್ತಾರೆ. 2025ರ ಮೇ ತಿಂಗಳಲ್ಲಿ ರಜೆ ಹಾಕಿ ಹೋಗಿ ಜೇನು ತೆಗೆದೆವು. ಮೂರು ಪೆಟ್ಟಿಗೆಯ ಜೇನು ಹತ್ತು ಮೊಮ್ಮಕ್ಕಳಿಗೆ ಹಂಚುವಷ್ಟಿರಲಿಲ್ಲ, ಒಬ್ಬೊಬ್ಬರಿಗೆ ಸಣ್ಣ ಶೀಷೆ ಅಷ್ಟೆ. ಇನ್ನೂ ಸ್ವಲ್ಪ ತೆಗೆಯಬಹುದಿತ್ತು. ಅಪ್ಪ ನನ್ನ ಮುಖ ನೋಡಿದರು. ಇಬ್ಬರೂ ಏನೂ ಹೇಳದೆ ಮುಚ್ಚಳ ಹಾಕಿದೆವು.

ಈಗ ಬೇರೆ ಮನೆಯಲ್ಲಿದ್ದೇನೆ. ಬಾಡಿಗೆ ಎರಡು ಸಾವಿರ ಜಾಸ್ತಿ, ಆದರೆ ಬಾಲ್ಕನಿಗೆ ಬೆಳಿಗ್ಗೆ ಒಂದು ಗಂಟೆ ಬಿಸಿಲು ಬರುತ್ತೆ. ನನ್ನ ಹೆಸರಿನ ಶೀಷೆ ಅಲ್ಲೇ ಇದೆ. ಆಫೀಸಿನಲ್ಲಿ ಮೂರು ನಾಲ್ಕು ಸಲ ಎದ್ದು ಹೋಗಿ ಪರದೆ ಸರಿಸಿ ಹೊರಗೆ ನೋಡುತ್ತೇನೆ. ಯಾಕೆ ಅಂತ ಟೀಮಿನವರು ಕೇಳಿದರೆ ಕಣ್ಣಿಗೆ ಒಳ್ಳೇದಂತೆ ಅನ್ನುತ್ತೇನೆ.

ಈ ಪ್ರಶ್ನೆ ಕೇಳುವವರು ನಂಗೆ ಈಗ ಯಾರೂ ಇಲ್ಲ. ಅದಕ್ಕೇ ನಾನೇ ಕೇಳುತ್ತಿದ್ದೇನೆ...

ನಿಮ್ಮ ಕಡೆ ಮಳೆ ಬಂತಾ?