ಫಟಫಟಿಗೊಂದು ನಾಗೊಂದಿಗೆ

ಮೋಟಾರ್ ಸೈಕಲ್ಲಿಗೆ ನಮ್ಮ ಕಡೆಯ ಹಿರಿಯರು ಈಗಲೂ ಫಟಫಟಿ ಎಂದೇ ಅನ್ನುತ್ತಾರೆ. ಕಂಪನಿಯವರು ಅದನ್ನು ಇಬ್ಬರು ಕೂಡ್ರಲೆಂದು ಮಾಡಿರುತ್ತಾರೆ; ಕೃಷ್ಣಾ ದಂಡೆಯ ನಮ್ಮ ಜನ ಅದನ್ನು ಚಕ್ಕಡಿಯ ತಮ್ಮನೆಂದೇ ತಿಳಿದಿದ್ದಾರೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ, ಸುಟ್ಟುಹೋದ ಪಂಪಿನ ಮೋಟಾರು, ಸಂತೆಗೆ ಹೊರಟ ಆಡು, ಹೀಗೆ ದಿಗ್ಗೇವಾಡಿಯಲ್ಲಿ ಫಟಫಟಿಯ ಬೆನ್ನೇರದ ವಸ್ತು ಯಾವುದೆಂದು ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಹಿಂದೆ ಹೇರುವ ವಿದ್ಯೆಯಲ್ಲಿ ನಾವು ಪಳಗಿದವರು. ಆದರೆ ಈಚಿನ ವರ್ಷಗಳಲ್ಲಿ ಹೊರೆ ಹಿಂದಿನಿಂದ ಮುಂದಕ್ಕೆ ಬಂದಿದೆ. ಹ್ಯಾಂಡಲ್ ಮೇಲೆ ಒಂದು ಫೋನು, ಅದರ ಪಕ್ಕಕ್ಕೆ ಇನ್ನೊಂದು, ಅವೆರಡರ ಹೊಟ್ಟೆ ತುಂಬಿಸಲು ಒಂದು ಚಾರ್ಜರು. ಈ ಹೊರೆಗೆ ಹೇಳಿಕೊಳ್ಳುವಂಥ ತೂಕವಿಲ್ಲ. ಅದಕ್ಕೇ ಅದನ್ನು ಹೇರುವಾಗ ಯಾರೂ ಎರಡು ಸಲ ಯೋಚಿಸುವುದಿಲ್ಲ.

ನನ್ನ ಕೈಯಲ್ಲಿ ಹತ್ತನೆಯ ಇಯತ್ತೆವರೆಗೆ ವಿಜ್ಞಾನ ಕಲಿತ ಹುಡುಗನೊಬ್ಬ ಈಗ ರಾಯಬಾಗದಿಂದ ಪಾರ್ಸೆಲ್ಲುಗಳನ್ನು ತಂದು ಸುತ್ತಲಿನ ಊರುಗಳಿಗೆ, ಕಬ್ಬಿನ ನಡುವೆ ಅಡಗಿಕೊಂಡ ತೋಟದ ಮನೆಗಳಿಗೆ ಮುಟ್ಟಿಸುವ ಕೆಲಸ ಮಾಡುತ್ತಾನೆ. ಪಾರ್ಸೆಲ್ಲಿಗೆ ಇಷ್ಟು ಎಂದು ಕೂಲಿ. ಹೀಗಾಗಿ ನಿಂತರೆ ಅವನಿಗೆ ನಷ್ಟ. ಕೆಲಸದ ಆಜ್ಞೆ, ರಸ್ತೆಯ ನಕ್ಷೆ ಒಂದು ಫೋನಿನಲ್ಲಿ. ಗಿರಾಕಿಗಳ ಕರೆ ಇನ್ನೊಂದರಲ್ಲಿ. ಪೇಟೆಯಲ್ಲಿ ಕೊಂಡ ಪ್ಲಾಸ್ಟಿಕ್ ಹಿಡಿಕೆ ಕಾಲುವೆ ರಸ್ತೆಯ ಕುಲುಕಾಟಕ್ಕೆ ತಿಂಗಳೊಳಗೇ ಮುರಿದು, ಫೋನು ಮಣ್ಣುಪಾಲಾಗಿತ್ತು. ಒಂದು ರವಿವಾರ ಕೈಯಲ್ಲಿ ಚಿತ್ರ ಬರೆದ ಹಾಳೆ ಹಿಡಿದು ಮನೆಗೆ ಬಂದ.

"ಸರ, ಗಾಡಿ ಮುಂದ ಒಂದ ಫಳಿ ಮಾಡಬೇಕಂತೀನ್ರಿ. ಎರಡ ಫೋನ, ಚಾರ್ಜರ, ಹಾಡ ಹಚ್ಚಾಕ ಒಂದ ಸಣ್ಣ ಸ್ಪೀಕರ, ನೀರಿನ ಬಾಟ್ಲಿ. ಎಲ್ಲಾ ಕಣ್ಣ ಮುಂದ ಇರಬೇಕ್ರಿ."

ಹಳೆಯ ಮನೆಗಳ ಗೋಡೆಗೆ ಹಲಗೆ ಚಾಚಿ ಮಾಡುತ್ತಿದ್ದ ನಾಗೊಂದಿಗೆಯನ್ನೇ ಅವನು ಗಾಡಿಗೆ ಬರೆದು ತಂದಿದ್ದ. ಚಿತ್ರ ಚೆನ್ನಾಗಿತ್ತು. ಆದರೆ ಅವನಿಗಿಂತ ಎರಡು ದಿನ ಮೊದಲು ಅವನ ತಾಯಿ ಹಾಲು ಹಾಕಿ ಬರುವಾಗ ನನ್ನನ್ನು ತಡೆದು, "ಗುರುಗಳ, ಅಂವಾ ಗಾಡಿ ಹೊಡಿಯೂ ಮುಂದ ಫೋನ್ ನೋಡ್ತಾನ್ರಿ, ರಸ್ತಾ ನೋಡೂದಿಲ್ಲ. ನಿಮ್ಮ ಮಾತ ಕೇಳ್ತಾನ, ಒಂದೀಟ ಹೇಳ್ರಿ" ಎಂದು ಅಂದಿದ್ದಳು. ಮಗನಿಗೆ ಎಲ್ಲ ಕಣ್ಣ ಮುಂದಿರಬೇಕು. ತಾಯಿಗೆ ಮಗನ ಕಣ್ಣು ರಸ್ತೆಯ ಮೇಲಿರಬೇಕು. ಇವೆರಡನ್ನೂ ಒಂದೇ ತಗಡಿನ ಮೇಲೆ ಹೇಗೆ ಕೂಡ್ರಿಸುವುದು?

ಬೇಡ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಹಲಗೆ ಇಲ್ಲದ ಸವಾರ ಫೋನು ಬಿಡುವುದಿಲ್ಲ. ಎಡಗೈಯಲ್ಲಿ ಹಿಡಿಯುತ್ತಾನೆ, ಇಲ್ಲವೆ ಕತ್ತು ವಾಲಿಸಿ ಹೆಲ್ಮೆಟ್ಟಿನ ಸಂದಿಗೆ ಸಿಕ್ಕಿಸುತ್ತಾನೆ. ಅದಕ್ಕಿಂತ ಗಟ್ಟಿಯಾದ ಹಲಗೆಯೇ ವಾಸಿ. 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿಯೂ ಚಾಲಕನ ಗಮನ ಕೆಡದಂತೆ ದಾರಿ ನೋಡಲಿಕ್ಕೆ ಮಾತ್ರ ಫೋನು ಬಳಸಬಹುದು ಎನ್ನುತ್ತದೆ. ದಾರಿ ನೋಡಲಿಕ್ಕೆ ಮಾತ್ರ: ಆ ಒಂದು ಮಾತನ್ನು ಅಡಿಗೆರೆ ಹಾಕಿ ಅವನ ಹಾಳೆಯ ನೆತ್ತಿಯ ಮೇಲೆ ಬರೆದೆ.

ಮೊದಲು ಅವನನ್ನು ಶಾಲೆಯ ಪ್ರಯೋಗಶಾಲೆಗೆ ಕರೆದೊಯ್ದೆ. ಗರಗಸದ ಅಲಗೊಂದನ್ನು ಮೇಜಿನ ಅಂಚಿಗೆ ಬಿಗಿದು ತುದಿಯನ್ನು ಮೀಟಿದರೆ ಅದು ತೂಗುತ್ತದೆ. ಉದ್ದ ಚಾಚಿದ್ದರೆ ನಿಧಾನ, ಗಿಡ್ಡವಾಗಿದ್ದರೆ ಬಿರುಸು. ಪ್ರತಿ ಹಲಗೆಗೂ ಹೀಗೆ ತನ್ನದೇ ಒಂದು ತೂಗು ಇದೆ. ಅದೇ ಲಯದಲ್ಲಿ ಹೊರಗಿನಿಂದ ಯಾರಾದರೂ ತಟ್ಟುತ್ತಲೇ ಇದ್ದರೆ ತೂಗು ಬೆಳೆಯುತ್ತ ಹೋಗುತ್ತದೆ. ಇದಕ್ಕೆ ಅನುರಣನ ಎನ್ನುತ್ತೇವೆ. ಜೋಕಾಲಿ ಆಡಿದ ಪ್ರತಿ ಮಗುವಿಗೂ ಇದು ಹೆಸರಿಲ್ಲದೆ ಗೊತ್ತು.

ಗಾಡಿಯಲ್ಲಿ ತಟ್ಟುವವನು ಎಂಜಿನ್ನು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಏರಿಳಿತವನ್ನು ಪೂರ್ತಿ ಸರಿದೂಗಿಸುವ ಜೊತೆಗಾರನಿರುವುದಿಲ್ಲ. ಪ್ರತಿ ಸುತ್ತಿಗೆ ಒಂದು ಕುಲುಕು ಉಳಿದೇ ಉಳಿಯುತ್ತದೆ. ನಿಮಿಷಕ್ಕೆ 1500 ಸುತ್ತೆಂದರೆ ಸೆಕೆಂಡಿಗೆ 25 ಕುಲುಕು; 6000 ಸುತ್ತೆಂದರೆ 100. ಈ 25ರಿಂದ 100ರ ನಡುವೆ ಹಲಗೆಯ ತೂಗು ಬಂತೋ, ಯಾವುದಾದರೊಂದು ವೇಗದಲ್ಲಿ ಅದು ಕುಣಿಯಲೇಬೇಕು.

ಹುಡುಗ ಬರೆದುತಂದದ್ದು 18 ಸೆಂ.ಮೀ. ಅಗಲ, 9 ಸೆಂ.ಮೀ. ಚಾಚು, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. ಒಂದೇ ಅಂಚಿನಲ್ಲಿ ಬಿಗಿಯುವುದು. ತುದಿಯಲ್ಲಿ 200 ಗ್ರಾಂ ಫೋನು ಇಟ್ಟರೆ ಅದು ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿದೆವು. ಸುಮಾರು 0.06 ಮಿ.ಮೀ. ಬಂತು. ಕಾಗದದ ಹಾಳೆಯೊಂದರ ದಪ್ಪಕ್ಕಿಂತ ಕಡಿಮೆ! ಹುಡುಗನಿಗೆ ಖುಷಿಯಾಯಿತು. ಆದರೆ ಭಾರಕ್ಕೆ ಎಷ್ಟು ಬಾಗುತ್ತದೆ ಎಂಬುದರಿಂದಲೇ ಎಷ್ಟು ವೇಗವಾಗಿ ತೂಗುತ್ತದೆ ಎಂಬುದನ್ನೂ ಹೇಳಬಹುದು. 1 ಮಿ.ಮೀ. ಬಾಗುವುದು ಸೆಕೆಂಡಿಗೆ ಸುಮಾರು 16 ಸಲ ತೂಗುತ್ತದೆ, 0.1 ಮಿ.ಮೀ. ಬಾಗುವುದು 50 ಸಲ, 0.06 ಬಾಗುವುದು ಸುಮಾರು 65 ಸಲ. 65 ಎಂದರೆ ಎಂಜಿನ್ನು ನಿಮಿಷಕ್ಕೆ 3900 ಸುತ್ತು ತಿರುಗುವಾಗಿನ ಕುಲುಕು. ಹುಡುಗ ದಿನವಿಡೀ ಗಾಡಿ ಓಡಿಸುವುದು ಹೆಚ್ಚುಕಡಿಮೆ ಅದೇ ವೇಗದಲ್ಲಿ. ಹಾಳೆಯಲ್ಲಿ ಚೆಂದ ಕಂಡ ನಾಗೊಂದಿಗೆ ರಸ್ತೆಯಲ್ಲಿ ಶ್ರುತಿಕವೆ ಆಗುತ್ತಿತ್ತು.

ಕುಣಿತದಿಂದ ಫೋನಿಗೇನು ಎಂದು ಕೇಳಬಹುದು. ಈಗಿನ ಹಲವು ಫೋನುಗಳ ಕ್ಯಾಮೆರಾದಲ್ಲಿ ಕೈನಡುಕ ಕಾಣದಿರಲೆಂದು ಮಸೂರವನ್ನು ಸಣ್ಣ ಅಯಸ್ಕಾಂತಗಳ ನಡುವೆ ತೇಲುವಂತೆ ಕೂಡ್ರಿಸಿರುತ್ತಾರೆ. ಶಕ್ತಿಶಾಲಿ ಮೋಟಾರ್ ಸೈಕಲ್ ಎಂಜಿನ್ನಿನ ಕಂಪನ ಹ್ಯಾಂಡಲ್ ಮೂಲಕ ಹರಿದು ಈ ಏರ್ಪಾಡನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರ ಸೆಪ್ಟೆಂಬರ್‌ನಲ್ಲಿ ತನ್ನ ಗಿರಾಕಿಗಳಿಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಹುಡುಗನದು ಅಂಥ ದುಬಾರಿ ಫೋನಲ್ಲ, ನಿಜ. ಆದರೆ ಅವನ ಕೂಲಿಗೆ ಅದೇ ದುಬಾರಿ.

ಪರಿಹಾರ ಮೂರು ಮಾತಿನದು. ಒಂದು, ಮಡಿಚು. ಬಿಡಿ ಕಾಗದ ಪೆನ್ನಿನ ಭಾರ ಹೊರಲಾರದು. ಎರಡು ಅಂಚು ಮಡಿಚಿದರೆ ಅದೇ ಕಾಗದ ಹೊರುತ್ತದೆ. ತಗಡಿನ ನಾಲ್ಕೂ ಅಂಚನ್ನು ಒಂದೂವರೆ ಸೆಂ.ಮೀ. ಕೆಳಮುಖವಾಗಿ ಮಡಿಚಬೇಕು. ಚೂಪು ಅಂಚು ಇಲ್ಲವಾಗುವುದು ಇನ್ನೊಂದು ಲಾಭ. ಗಾಡಿ ಮುಗ್ಗರಿಸಿದರೆ ಸವಾರನ ಎದೆ ಬಂದು ಬಡಿಯುವುದು ಇಲ್ಲಿಗೇ. ಎರಡು, ಚಾಚಬೇಡ, ಸೇತುವೆ ಕಟ್ಟು. ಒಂದು ತುದಿ ಬಿಗಿದ ಹಲಗೆಯ ಇನ್ನೊಂದು ತುದಿಗೆ ಭಾರವಿಟ್ಟಾಗ ಆಗುವ ಬಾಗಿಗಿಂತ, ಅದೇ ಉದ್ದದ ಹಲಗೆಯನ್ನು ಎರಡೂ ಕಡೆ ಆನಿಸಿ ನಡುವೆ ಭಾರವಿಟ್ಟರೆ ಬಾಗು 16ನೇ ಒಂದಂಶಕ್ಕೆ ಇಳಿಯುತ್ತದೆ. 22 ಮಿ.ಮೀ. ಹ್ಯಾಂಡಲ್ ಕೊಳವೆಗೆ ಎಡಕ್ಕೊಂದು ಬಲಕ್ಕೊಂದು ಕ್ಲ್ಯಾಂಪು ಹಾಕಿ ತಗಡನ್ನು ಅವುಗಳ ಮೇಲೆ ಕೂಡ್ರಿಸಿದೆವು. ಮೂರು, ಹಲಗೆ ಗಟ್ಟಿ ಇರಲಿ, ಫೋನಿನ ಹಾಸಿಗೆ ಮೆತ್ತಗಿರಲಿ. ಫೋನಿನ ಹಿಡಿಕೆಯ ಬೋಲ್ಟುಗಳಿಗೆ ಗಾಡಿಯ ಪಕ್ಕದ ಮುಚ್ಚಳಕ್ಕೆ ಬಳಸುವಂಥ ರಬ್ಬರ್ ಬುಷ್ ಹಾಕಿಸಿದೆ. ಕೊನೆಗೆ ಭಾರವಿಟ್ಟು ಗೋಲಮಾಪಕದಿಂದ ಅಳೆದಾಗ ತಗಡು ಒಂದು ಗೆರೆ, ಅಂದರೆ 0.01 ಮಿ.ಮೀ. ಕೂಡ ಕೆಳಗಿಳಿಯಲಿಲ್ಲ. ಎಂಜಿನ್ನಿನ ಕುಲುಕು ಇನ್ನು ಅದರ ತೂಗನ್ನು ಮುಟ್ಟಲಾರದು.

ಊರಿನ ವೆಲ್ಡಿಂಗ್ ಅಂಗಡಿಯ ಗೆಳೆಯನಿಗೆ ಮಾತ್ರ ನಿರಾಸೆ. "ಎರಡ ಟಾಕಿ ಹೊಡದ ಬಿಡೂಣು ತಗೋರಿ, ನಿಮ್ಮ ಮೊಮ್ಮಗನ ಕಾಲಕ್ಕೂ ಅಳ್ಳಾಡೂದಿಲ್ಲ" ಎಂದ. ಕಂಪನಿ ಕೊಟ್ಟ ಮೂಲ ರಚನೆಯನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಅದಕ್ಕೇ ಗಾಡಿಯ ಮೈಗೆ ಒಂದು ಕಿಡಿಯೂ ತಾಗಕೂಡದು, ಬಿಚ್ಚಿದರೆ ಗುರುತೂ ಉಳಿಯಬಾರದು ಎಂದೆ. ಅಲ್ಯೂಮಿನಿಯಂ ಆರಿಸಿದ್ದೂ ಒಳ್ಳೆಯದಾಯಿತು. ಅವನ ಸಾಮಾನ್ಯ ವೆಲ್ಡಿಂಗ್ ಮಶಿನ್ನಿಗೆ ಅದು ಬಗ್ಗುವುದಿಲ್ಲ. ತೂಕ 130 ಗ್ರಾಂ ಆಸುಪಾಸು. ಅದೇ ಅಳತೆ ಕಬ್ಬಿಣದಲ್ಲಾದರೆ ಸುಮಾರು ಮೂರು ಪಟ್ಟು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ಹೊರಳಿಸಿ ಹಲಗೆ ಟಾಕಿಗೆ ಬಡಿಯುವುದಿಲ್ಲ, ಕ್ಲಚ್ ಕೇಬಲ್ ಜಗ್ಗುವುದಿಲ್ಲ, ಕೀಲಿ ಮತ್ತು ವೇಗದ ಮುಳ್ಳು ಮರೆಯಾಗುವುದಿಲ್ಲ ಎಂದು ನೋಡಿಕೊಂಡೆವು. ಚಾರ್ಜರಿನ ತಂತಿಯನ್ನು ಕೀಲಿಯ ಸ್ವಿಚ್ಚಿನ ನಂತರ ಜೋಡಿಸಿ, ನಡುವೆ 2 ಆಂಪಿಯರಿನ ಫ್ಯೂಸ್ ಹಾಕಿದೆ. 5 ವೋಲ್ಟಿನಲ್ಲಿ 2 ಆಂಪಿಯರ್ ಕೊಡುವ ಚಾರ್ಜರು 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು ಸುಮಾರು 1 ಆಂಪಿಯರ್. ಇಷ್ಟೂ ಲೆಕ್ಕ ಹತ್ತನೆಯ ಇಯತ್ತೆಯ ಪುಸ್ತಕದ್ದೇ.

ಇನ್ನು ಉಳಿದದ್ದು ಪುಸ್ತಕದಲ್ಲಿಲ್ಲದ ಲೆಕ್ಕ: ಯಾವುದನ್ನು ಇಡುವುದು, ಯಾವುದನ್ನು ಬಿಡುವುದು. ಡ್ಯಾಶ್‌ಬೋರ್ಡ್ ಎಂಬ ಶಬ್ದ ಕುದುರೆ ಗಾಡಿಯ ಕಾಲದ್ದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿ ಹೊಡೆಯುವವನ ಮೈಮೇಲೆ ಬರದಿರಲೆಂದು ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ತಡೆಯುವುದೇ ಅದರ ಕೆಲಸ. ಮೋಟಾರು ಬಂದಮೇಲೆ ಅದೇ ಹೆಸರಿನ ಹಲಗೆ ತಡೆಯುವುದನ್ನು ಬಿಟ್ಟು ತೋರಿಸಲು ಶುರುಮಾಡಿತು. ಆದರೂ ಬಹಳ ದಿನ ಅದು ಮಿತಭಾಷಿಯೇ ಆಗಿತ್ತು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಕಂಡವರು ನೆನೆಸಿಕೊಳ್ಳಲಿ: ಜಾವಾದ ಹೆಡ್‌ಲೈಟಿನ ಬುರುಡೆಯಲ್ಲೇ ವೇಗದ ಒಂದು ಮುಳ್ಳು, ಅಷ್ಟೇ. ಸವಾರ ಕೇಳಿದಾಗ ಮಾತ್ರ ಅದು ಉತ್ತರ ಹೇಳುತ್ತಿತ್ತು. ಫೋನು ಹಾಗಲ್ಲ, ಕೇಳದಿದ್ದರೂ ಕರೆಯುತ್ತದೆ.

ಅವನಿಗೆ ಇದನ್ನು ಮಾತಿನಲ್ಲಿ ಹೇಳಲಿಲ್ಲ. ಶಾಲೆಯ ಮೈದಾನದಲ್ಲಿ ಅಳೆದು ತೋರಿಸಿದೆ. ತಾಸಿಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರು. ಬಂದ ಸಂದೇಶವನ್ನು ಓದಲು ಎರಡು ಸೆಕೆಂಡು ಸಾಕೆಂದ. 22 ಮೀಟರ್ ಅಳೆದು ಕಲ್ಲಿಟ್ಟೆವು. ಕ್ರಿಕೆಟ್ಟಿನ ಪಿಚ್ಚಿಗಿಂತಲೂ ಉದ್ದ! "ಇಷ್ಟು ದೂರ ಕಣ್ಣು ಮುಚ್ಚಿ ಗಾಡಿ ಹೊಡಿ ನೋಡೂಣು" ಎಂದೆ. ನಕ್ಕ. ಕಬ್ಬಿನ ಹಂಗಾಮಿನಲ್ಲಿ ಉಗಾರಕ್ಕೋ ರಾಯಬಾಗಕ್ಕೋ ಹೊರಟ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಅವುಗಳ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ, ಟಯರು ಒಡೆದು ರಸ್ತೆಯ ನಡುವೆಯೇ ನಿಂತಿದೆ. ಈಗ 22 ಮೀಟರ್ ಎಷ್ಟು, ಹೇಳು ಎಂದೆ. ನಗಲಿಲ್ಲ. ಅಂಥ ಟ್ರೇಲರುಗಳನ್ನು ಅವನು ನನಗಿಂತ ಹೆಚ್ಚು ಕಂಡವನು.

ಅಲ್ಲಿಂದ ಮುಂದೆ ಪಟ್ಟಿಯನ್ನು ಅವನೇ ಕಡಿಮೆ ಮಾಡುತ್ತ ಬಂದ. ಮೊದಲು ಸ್ಪೀಕರ್ ಹೋಯಿತು. ಹಿಂದಿನ ಗಾಡಿಯ ಹಾರ್ನು ಕೇಳಬೇಕಲ್ಲ. ನೀರಿನ ಬಾಟಲಿ ಹಿಂದಿನ ಚೀಲಕ್ಕೆ ಹೋಯಿತು. ಗಿರಾಕಿಗಳ ಫೋನು ಹಲಗೆಯ ಕೆಳಗಿನ ಚರ್ಮದ ಸಂಚಿಯಲ್ಲಿ ಮುಖ ಕೆಳಗಾಗಿ ಮಲಗಿತು. ಅದು ಕೂಗಿದರೆ ಗಾಡಿ ನಿಲ್ಲಿಸಿಯೇ ತೆಗೆಯಬೇಕು. ಮೇಲೆ ಉಳಿದದ್ದು ಒಂದೇ ಫೋನು, ಅದರಲ್ಲಿ ಒಂದೇ ನಕ್ಷೆ. ತಿರುವು ಬಂದಾಗ ಅದು ಬಾಯಿಬಿಟ್ಟು ಹೇಳಲಿ. ಪರದೆಯ ಮೇಲೆ ಮಧ್ಯಾಹ್ನದ ಬಿಸಿಲು ಹೊಳೆಯದಂತೆ ಹಿಡಿಕೆಯನ್ನು ವಾಲಿಸಿದೆವು. ಪರದೆ 10 ಡಿಗ್ರಿ ವಾಲಿದರೆ ಪ್ರತಿಫಲಿಸಿದ ಕಿರಣ 20 ಡಿಗ್ರಿ ಆಚೆ ಹೋಗುತ್ತದೆ.

ನಕ್ಷೆಯನ್ನೂ ಪೂರ್ತಿ ನಂಬಬೇಡ ಎಂದು ಹೇಳಬೇಕಾಗಲಿಲ್ಲ. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ ಏರಿದರೆ ಕಲ್ಲೋಳ–ಯಡೂರ ಸೇತುವೆಯಂಥವು ನೀರಿನಡಿ ಹೋಗುತ್ತವೆ. ಫೋನಿನ ನೀಲಿ ಗೆರೆಗೆ ಇದು ಗೊತ್ತಿರಲೇಬೇಕೆಂದಿಲ್ಲ. 2019ರ ಆಗಸ್ಟ್‌ನ ಮಹಾಪೂರ ಕಂಡ ನಮ್ಮ ಹುಡುಗರು ದಾರಿಯನ್ನು ಎದುರು ಬಂದವರನ್ನು ಕೇಳಿಯೇ ಹೋಗುತ್ತಾರೆ. ಆ ಕೇಳುವ ಕೆಲಸಕ್ಕೂ ತಲೆ ಎತ್ತಿರಬೇಕು.

ಈಗ ಊರಲ್ಲಿ ಹಾಲಿನವರು, ಎಲ್ಲೈಸಿ ಏಜೆಂಟರು ಇಂಥದೇ ಹಲಗೆ ಬೇಕೆಂದು ಬರುತ್ತಾರೆ. ಅಳತೆ ಬರೆದು ಕೊಡುತ್ತೇನೆ. ಹಾಳೆಯ ಮೇಲ್ತುದಿಗೆ, ಸೆಂಟಿಮೀಟರುಗಳಿಗಿಂತ ಮೊದಲು, ಹಲಗೆಯ ಮೇಲೆ ಇಡಬಾರದವುಗಳ ಯಾದಿ ಇರುತ್ತದೆ. ಕೆಲವರು ಅಷ್ಟನ್ನು ಹರಿದು ಒಗೆದು ಉಳಿದದ್ದನ್ನು ಒಯ್ಯುತ್ತಾರೆಂದು ವೆಲ್ಡಿಂಗ್ ಗೆಳೆಯ ಹೇಳಿದ. ಇರಬಹುದು. ಪಾಠ ಹೇಳುವವನ ಪಾಲಿಗೆ ಇದು ಹೊಸದೇನಲ್ಲ.

ನಮ್ಮ ಹುಡುಗ ಮಾತ್ರ ಮೊನ್ನೆ ಸಿಕ್ಕಾಗ ಕುತ್ತಿಗೆ ಕೆರೆದುಕೊಳ್ಳುತ್ತ ದೂರುವವನಂತೆ ಅಂದ: "ಫಳಿ ಛಲೋ ಆಗೇತ್ರಿ ಸರ. ಆದ್ರ ಅಳ್ಳಾಡೂದಿಲ್ಲ, ಹೊಳಿಯೂದಿಲ್ಲ. ಅದು ಅಲ್ಲಿ ಐತಿ ಅನ್ನೂದ ಮರ್ತಹೋಗತೈತ್ರಿ."

ಆ ಹಲಗೆಗೆ ನಾನು ಕೊಡಬೇಕೆಂದಿದ್ದ ಪೂರ್ಣಾಂಕವನ್ನು ಅವನೇ ಕೊಟ್ಟಿದ್ದ.